ಸ್ವಂತದ ಜಮಾಖರ್ಚು

ಮಾರ್ಚಿ ತಿಂಗಳು ಮುಗಿದು ಏಪ್ರಿಲ್ ಕಾಲಿಟ್ಟಿತೆಂದರೆ ಸರಕಾರಿ ಕಚೇರಿಗಳಲ್ಲಿ ಒಂದು ಬಗೆಯ ಸಾಹಿತ್ಯರಚನೆ ಆರಂಭವಾಗುತ್ತದೆ. ಬರೆಯುವವರು ಸಾವಿರಾರು ಮಂದಿ. ಓದುವವರು ಒಬ್ಬರೋ ಇಬ್ಬರೋ. ಇದಕ್ಕೆ ‘ಸ್ವಯಂ ಮೌಲ್ಯಮಾಪನ’ವೆಂದು ದೊಡ್ಡ ಹೆಸರು. ಕಳೆದ ವರ್ಷ ನಿಮ್ಮ ಪಾಲಿಗೆ ಬಂದ ಕೆಲಸ ಯಾವುದು, ಗುರಿ ಎಷ್ಟು, ಮುಟ್ಟಿದ್ದೆಷ್ಟು, ಮುಟ್ಟದೆ ಉಳಿದದ್ದಕ್ಕೆ ಅಡ್ಡಿಯೇನು ಎಂದು ಕೇಳುವ ನಮೂನೆ ಅದು. ಕೇಂದ್ರ ಸರಕಾರದ ಕಚೇರಿಗಳಲ್ಲಿ ಅದನ್ನು ಏಪ್ರಿಲ್ ೧೫ರೊಳಗೆ ಭರ್ತಿ ಮಾಡಿ ಮೇಲಧಿಕಾರಿಗೆ ಒಪ್ಪಿಸತಕ್ಕದ್ದು. ಅದರ ಮರುದಿನ, ಅಂದರೆ ೧೬ನೆಯ ತಾರೀಖು, ನಮ್ಮ ಠಾಣೆಯವರು ನೆನಪಿಡತಕ್ಕ ದಿನ. ೧೮೫೩ರಲ್ಲಿ ಆ ದಿನವೇ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದಿತು. ಅಂದಿನಿಂದ ನಾವು ಗಾಡಿಯನ್ನು ದೂರುತ್ತಲೇ ಬಂದಿದ್ದೇವೆ. ನಮ್ಮ ವಿಷಯವಾಗಿ ನಾವೇ ನಾಲ್ಕು ಮಾತು ಬರೆದುಕೊಳ್ಳುವ ನಮೂನೆ ಬಂದದ್ದು ಬಹಳ ತಡವಾಗಿ.

ಆ ನಮೂನೆಯಲ್ಲಿ ನಾವು ಬರೆಯುವುದೇನು? ಕಳೆದ ವರ್ಷದ ನಕಲು. ವಹಿಸಿದ ಕೆಲಸವನ್ನು ಶ್ರದ್ಧೆಯಿಂದಲೂ ಕಾಲಕ್ಕೆ ಸರಿಯಾಗಿಯೂ ಮಾಡಿರುತ್ತೇನೆ ಎಂಬುದು ಪಲ್ಲವಿ. ಅಡ್ಡಿಗಳು ಎಂಬ ಕಾಲಮಿನಲ್ಲಿ ಸಿಬ್ಬಂದಿಯ ಕೊರತೆ, ಸರ್ವರ್ ನಿಂತದ್ದು, ಮೇಲಿನಿಂದ ಉತ್ತರ ಬಾರದ್ದು. ಇವೆಲ್ಲ ಸುಳ್ಳೆಂದು ಯಾರೂ ತಿಳಿಯಬಾರದು. ನೂರಕ್ಕೆ ತೊಂಬತ್ತು ಪಾಲು ನಿಜವೇ. ಆದರೆ ಒಂದು ಸೋಜಿಗವುಂಟು. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಇಂಥ ನಮೂನೆ ತುಂಬುತ್ತಾನೆ. ಅಷ್ಟರಲ್ಲಿ ಒಂದು ಸಲವಾದರೂ ಅಡ್ಡಿ ತನ್ನೊಳಗೆ ಇದ್ದದ್ದುಂಟೆಂದು ಅವನಿಗೆ ಹೊಳೆಯುವುದಿಲ್ಲ. ಹೊಳೆದರೂ ಬರೆಯುವುದಿಲ್ಲ, ಬರೆದರೆ ಸಾಹೇಬರು ಓದುತ್ತಾರಲ್ಲ!

ಇನ್ನೊಂದು ಕಡೆ ನೋಡಿದರೆ, ಸಾಹೇಬರು ನಮ್ಮ ವಿಷಯದಲ್ಲಿ ಬರೆದದ್ದು ನಮಗೆ ತಿಳಿಯತೊಡಗಿದ್ದು ಕೂಡ ಈಚೆಗೆ. ಹಿಂದೆ ಅದಕ್ಕೆ ಗೋಪ್ಯ ವರದಿ ಎಂದೇ ಹೆಸರಿತ್ತು. ತೀರ ಕೆಟ್ಟದಾಗಿ ಬರೆದಿದ್ದರೆ ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಗಡಿ ರಸ್ತೆಗಳ ಇಲಾಖೆಯಲ್ಲಿ ದೇವದತ್ತ ಎಂಬ ಎಂಜಿನಿಯರರಿದ್ದರು. ಅವರ ವರದಿಯಲ್ಲಿ ಒಂದು ವರ್ಷ ‘ಉತ್ತಮ’ ಎಂದು ಬರೆದಿತ್ತು. ಬಡ್ತಿಗೆ ಬೇಕಾದದ್ದು ‘ಅತ್ಯುತ್ತಮ’. ‘ಉತ್ತಮ’ವೆಂಬುದು ಕೆಟ್ಟ ಮಾತಲ್ಲವಾದ್ದರಿಂದ ಅದನ್ನು ಅವರಿಗೆ ಯಾರೂ ತಿಳಿಸಲಿಲ್ಲ, ಬಡ್ತಿ ಕೈತಪ್ಪಿತು. ಸುಪ್ರೀಂ ಕೋರ್ಟು ೨೦೦೮ರ ಮೇ ತಿಂಗಳಲ್ಲಿ, ಒಳ್ಳೆಯದಿರಲಿ ಕೆಟ್ಟದಿರಲಿ, ಬರೆದ ಪ್ರತಿಯೊಂದನ್ನೂ ನೌಕರನಿಗೆ ತೋರಿಸಬೇಕೆಂದು ತೀರ್ಪಿತ್ತಿತು. ಮರುವರ್ಷ ಅದೇ ಪ್ರಕಾರ ಆಜ್ಞೆಯೂ ಹೊರಟಿತು. ಈಗ ವರದಿಯನ್ನು ನಮ್ಮ ಕೈಗೆ ಕೊಡುತ್ತಾರೆ. ತಕರಾರಿದ್ದರೆ ಹದಿನೈದು ದಿನದೊಳಗೆ ಹೇಳಿಕೊಳ್ಳಬಹುದು.

ಕಚೇರಿಯ ವರದಿ ಈ ರೀತಿ ಬಯಲಿಗೆ ಬಂತು. ಆದರೆ ಮನೆಯಲ್ಲಿ ನಮ್ಮ ಮೇಲೆ ಬರೆದಿಟ್ಟ ವರದಿ ಇನ್ನೂ ಗೋಪ್ಯವೇ ಇದೆ. ಹೆಂಡತಿ, ಗಂಡ, ಮಕ್ಕಳು, ಪಕ್ಕದ ಫ್ಲಾಟಿನವರು, ದಿನಾ ಎದುರಿಗೆ ಕೂಡುವ ಸಹೋದ್ಯೋಗಿ, ಇವರೆಲ್ಲ ನಮಗೆ ಒಂದೊಂದು ದರ್ಜೆ ಕೊಟ್ಟೇ ಇರುತ್ತಾರೆ. ಅದನ್ನು ತೋರಿಸಿರೆಂದು ಕೇಳಲು ಯಾವ ಕೋರ್ಟೂ ಇಲ್ಲ.

ಊರಿನಲ್ಲಿದ್ದಾಗ ಈ ತೊಂದರೆ ಇರಲಿಲ್ಲವೆಂದು ನಮಗೆ ತೋರುತ್ತದೆ. ಅಲ್ಲಿ ವರದಿಯನ್ನು ಮುಖದ ಮೇಲೆಯೇ ಓದುತ್ತಿದ್ದರು. ಅಜ್ಜಿ ಇದ್ದಳು, ಸೋದರಮಾವ ಇದ್ದ, ಕಟ್ಟೆಯ ಮೇಲೆ ಕೂತ ಹಿರಿಯರಿದ್ದರು. “ಏನೋ, ನಿನ್ನ ಅಪ್ಪ ಹೀಗೆ ಜಂಭ ಮಾಡುತ್ತಿರಲಿಲ್ಲವಲ್ಲ” ಎಂದು ನಾಲ್ಕು ಜನರ ಮುಂದೆ ಅಂದುಬಿಡುತ್ತಿದ್ದರು. ಸಿಟ್ಟು ಬರುತ್ತಿತ್ತು, ಬುದ್ಧಿಯೂ ಬರುತ್ತಿತ್ತು. ಇಲ್ಲಿ ಕಲ್ಯಾಣದಲ್ಲಿಯೋ ಘಣಸೋಳಿಯಲ್ಲಿಯೋ ನಾವು ಬಾಗಿಲು ಹಾಕಿಕೊಂಡು ಬಾಳುವವರು. ಹದಿನೇಳನೆಯ ಮಾಳಿಗೆಗೆ ಹತ್ತಿ ಬಂದು, ನಿನ್ನ ನಡತೆ ಈಚೆಗೆ ಸರಿಯಿಲ್ಲವಯ್ಯಾ ಎಂದು ಹೇಳುವ ಹಿರಿಯರಿಲ್ಲ. ಊರಿಗೆ ವರ್ಷಕ್ಕೊಮ್ಮೆ ಹೋದರೆ ಅಲ್ಲಿ ನಾವು ‘ಮುಂಬಯಿಯವರು’. ಹಪ್ಪಳ ಕಟ್ಟಿಕೊಟ್ಟು ಕಳಿಸುತ್ತಾರೆ, ಬುದ್ಧಿ ಕಟ್ಟಿಕೊಡುವುದಿಲ್ಲ. ಕಚೇರಿಯಲ್ಲಿ ಮರಾಠಿ ಮಾತಾಡುವ ಒಬ್ಬ ಮನುಷ್ಯ, ಗಾಡಿಯಲ್ಲಿ ಹಿಂದಿ ಮಾತಾಡುವ ಇನ್ನೊಬ್ಬ, ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಆಡುವ ಮೂರನೆಯವನು. ಈ ಮೂವರೂ ಒಂದೇ ಅಂಗಿಯೊಳಗಿದ್ದರೂ ಒಬ್ಬರಿಗೊಬ್ಬರಿಗೆ ಭೇಟಿಯೇ ಅಪರೂಪ. ಆದ್ದರಿಂದ, ಊರಿನ ಕಟ್ಟೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾವೇ ಮಾಡಿಕೊಳ್ಳಬೇಕಾಗಿ ಬಂದಿದೆ. ಆತ್ಮಪರಿಶೀಲನೆಯೆಂದರೆ ಸನ್ಯಾಸಿಗಳ ಕಸುಬೆಂದು ತಿಳಿದು ದೂರ ಸರಿಯುವಂತಿಲ್ಲ.

ಆದರೆ ಅದನ್ನು ಮಾಡುವ ಬಗೆ ಹೇಗೆ? ಇಲ್ಲಿಯೇ ಬಹಳ ಮಂದಿ ದಾರಿ ತಪ್ಪುವುದು. ರಾತ್ರಿ ದೀಪವಾರಿಸಿ ಮಲಗಿ, ನಾನೇಕೆ ಹೀಗೆ, ನನಗೇಕೆ ಹೀಗಾಯಿತು ಎಂದು ಸೂರು ನೋಡುತ್ತ ಹೊರಳಾಡುವುದನ್ನು ನಾವು ಆತ್ಮಪರಿಶೀಲನೆಯೆಂದು ತಿಳಿದಿದ್ದೇವೆ. ಅದು ಚಿಂತೆ, ಚಿಂತನೆಯಲ್ಲ. ನಮ್ಮ ಮುಂಬಯಿಯ ಕನ್ನಡಿಗರಿಗೆ ಹತ್ತಿರದವರಾಗಿದ್ದ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಓದಿದವರಿಗೆ ಇದು ಗೊತ್ತು. ೧೯೭೯ರಲ್ಲಿ ಪ್ರಕಟವಾದ ಆ ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರ ನೌಕರ. ಒಂದು ದಿನ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ತಾನು ಮಾಡಿದ್ದೇನು, ತನ್ನ ಬೆನ್ನ ಹಿಂದೆ ನಡೆಯುತ್ತಿರುವುದೇನು ಎಂದು ಅವನು ತನ್ನ ಇಡೀ ಬಾಳನ್ನೇ ತಡಕಾಡತೊಡಗುತ್ತಾನೆ. ನಿಜವಾದ ವಿವೇಕ ಎಲ್ಲಿ ಮುಗಿಯಿತು, ಭಯ ಕಟ್ಟಿದ ಕತೆ ಎಲ್ಲಿ ಆರಂಭವಾಯಿತು ಎಂದು ಅವನಿಗೂ ತಿಳಿಯುವುದು ಕಷ್ಟ, ಓದುವ ನಮಗೂ ಕಷ್ಟ. ಹನೇಹಳ್ಳಿಯಿಂದ ಬಂದು ಇಲ್ಲಿನ ಕಂಪನಿಯಲ್ಲಿ ಬಾಳೆಲ್ಲ ದುಡಿದ ಚಿತ್ತಾಲರು ಕಚೇರಿಯ ಒಳಗನ್ನೂ ಮನಸ್ಸಿನ ಒಳಗನ್ನೂ ಒಟ್ಟಿಗೆ ಬಲ್ಲವರಾಗಿದ್ದರು. ಓದಿರದವರು ಓದಬೇಕು, ಆದರೆ ಮರುದಿನ ರಜೆಯಿರುವಂತೆ ನೋಡಿಕೊಂಡು ಓದುವುದು ಕ್ಷೇಮ.

‘ಏಕೆ’ ಎಂಬ ಪ್ರಶ್ನೆಯಲ್ಲಿಯೇ ಒಂದು ಮೋಸವಿದೆ. ೧೯೭೭ರಲ್ಲಿ ಅಮೆರಿಕದ ನಿಸ್ಬೆಟ್ ಮತ್ತು ವಿಲ್ಸನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಒಂದು ತಮಾಷೆಯ ಪ್ರಯೋಗವನ್ನು ಪ್ರಕಟಿಸಿದರು. ಅಂಗಡಿಯೊಂದರಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಚೆನ್ನ ಎಂದು ಬಂದವರನ್ನು ಕೇಳಿದರು. ನಾಲ್ಕೂ ತದ್ರೂಪು, ಒಂದಕ್ಕೂ ಇನ್ನೊಂದಕ್ಕೂ ಎಳೆಯಷ್ಟೂ ಭೇದವಿಲ್ಲ. ಆದರೂ ಬಲತುದಿಯ ಜೊತೆಯನ್ನು ಆರಿಸಿದವರೇ ಬಹಳ. ಏಕೆ ಆರಿಸಿದಿರಿ ಎಂದರೆ ಎಲ್ಲರ ಹತ್ತಿರವೂ ಕಾರಣವುಂಟು. ಆದರೆ ‘ಬಲತುದಿಯಲ್ಲಿತ್ತು, ಆರಿಸಿದೆ’ ಎಂದವರು ಒಬ್ಬರೂ ಇಲ್ಲ. ಅದರಿಂದಲೇ ಇರಬಹುದೇ ಎಂದು ಕೇಳಿದರೆ, ಛೆ ಛೆ, ಹಾಗೇನಿಲ್ಲ ಎಂದರಂತೆ. ಹಬ್ಬದ ಮುಂಚೆ ಡೊಂಬಿವಲಿಯ ಸೀರೆಯಂಗಡಿಯಲ್ಲಿ ಒಂದು ತಾಸು ಕುಳಿತ ಗಂಡಸರು ಇದನ್ನು ಓದಿ ನಗಬಹುದು. ನಗುವ ಮೊದಲು, ಹೊಸ ಮೊಬೈಲನ್ನು ತಾವು ಏಕೆ ಕೊಂಡದ್ದೆಂದು ಜ್ಞಾಪಿಸಿಕೊಳ್ಳಲಿ.

ಅಂದಮೇಲೆ, ‘ನಾನೇಕೆ ಸಿಟ್ಟಾದೆ’ ಎಂದು ಮನಸ್ಸನ್ನು ಕೇಳಿದರೆ ಅದು ವಕೀಲನಂತೆ ಕೂಡಲೆ ಒಂದು ಉತ್ತರ ತಯಾರಿಸಿಕೊಡುತ್ತದೆ. ಟಾಶಾ ಯೂರಿಕ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಸುಮಾರು ಐದು ಸಾವಿರ ಜನರ ವಿಷಯ ಕಲೆಹಾಕಿ ೨೦೧೮ರಲ್ಲಿ ಬರೆದದ್ದೂ ಇದನ್ನೇ. ತಮ್ಮನ್ನು ತಾವು ಬಲ್ಲೆವೆಂದು ಹೆಚ್ಚಿನವರ ನಂಬಿಕೆ. ಆಕೆಯ ಅಳತೆಗೆ ನಿಂತವರು ನೂರಕ್ಕೆ ೧೦ರಿಂದ ೧೫ ಮಂದಿ ಮಾತ್ರ. ‘ಏಕೆ’ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ‘ಏನು’ ಎಂದು ಕೇಳಿಕೊಳ್ಳಿ ಎಂಬುದು ಆಕೆಯ ಸಲಹೆ. ಏನು ನಡೆಯಿತು? ನಾನು ಏನೆಂದೆ? ಆಗ ಎದುರಿಗೆ ಯಾರಿದ್ದರು? ಇನ್ನು ಮಾಡತಕ್ಕದ್ದೇನು? ಗುಮಾಸ್ತರಾದ ನಮಗೆ ಈ ಮಾತು ಕಿವಿಗೆ ಹಿತವಾಗಿ ಬಿತ್ತು. ಇದು ತತ್ತ್ವಜ್ಞಾನವಲ್ಲ, ಲೆಕ್ಕ ಬರೆಯುವ ಕೆಲಸ. ಲೆಕ್ಕದ ಪುಸ್ತಕದಲ್ಲಿ ‘ಏಕೆ’ ಎಂಬ ಕಾಲಮು ಇರುವುದಿಲ್ಲ. ತಾರೀಖು, ಬಾಬತ್ತು, ಮೊಬಲಗು, ಇಷ್ಟೆ.

ಲೆಕ್ಕದವರಿಗೂ ಆತ್ಮಪರಿಶೀಲನೆಗೂ ಕನ್ನಡದಲ್ಲಿ ಹಳೆಯ ನಂಟುಂಟು. ಬಸವಣ್ಣನವರು ಮೊದಲು ಮಂಗಳವೇಢೆಯಲ್ಲಿ ಬಿಜ್ಜಳನ ಹತ್ತಿರ ಕರಣಿಕರಾಗಿದ್ದರೆಂದೂ ಆಮೇಲೆ ಕಲ್ಯಾಣದಲ್ಲಿ ಭಂಡಾರಿಯಾದರೆಂದೂ ಚರಿತ್ರೆ ಹೇಳುವವರು ಹೇಳುತ್ತಾರೆ. ಕರಣಿಕನೆಂದರೆ ಮತ್ತಾರು? ಲೆಕ್ಕ ಬರೆಯುವ ಗುಮಾಸ್ತನೇ. ಮಂಗಳವೇಢೆ ಈಗ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ. (ಆ ಕಲ್ಯಾಣವೆಂದರೆ ಬೀದರ ಜಿಲ್ಲೆಯ ಬಸವಕಲ್ಯಾಣ, ನಮ್ಮ ಜಂಕ್ಷನ್ ಅಲ್ಲ, ಸಂಘದ ಹುಡುಗನೊಬ್ಬ ಪ್ರಬಂಧ ಸ್ಪರ್ಧೆಯಲ್ಲಿ ಎರಡನ್ನೂ ಒಂದು ಮಾಡಿದ್ದ.) ಅವರ ವಚನಗಳನ್ನು ಬರಿಯ ಭಕ್ತಿಗೆಂದು ಓದುವವರೂ ಒಂದು ವಿಷಯವನ್ನು ಗಮನಿಸಬೇಕು. ಊರನ್ನು ತಿದ್ದಲು ಹೊರಟ ಆ ಮನುಷ್ಯ ಮತ್ತೆ ಮತ್ತೆ ತರಾಟೆಗೆ ತೆಗೆದುಕೊಂಡದ್ದು ತನ್ನನ್ನೇ. ತನ್ನ ನುಡಿಗೂ ನಡೆಗೂ ಇರುವ ಅಂತರವನ್ನು ದಿನದ ಬಾಕಿ ತೆಗೆಯುವ ಕರಣಿಕನ ಹಾಗೆ ತೆಗೆದಿಟ್ಟಿದ್ದಾರೆ.

ದೂರದ ರೋಮ್ ಪಟ್ಟಣದಲ್ಲಿ ಸೆನೆಕ ಎಂಬ ಪಂಡಿತನಿದ್ದ. ಎರಡು ಸಾವಿರ ವರ್ಷದ ಹಿಂದಿನ ಮಾತು. ಅವನೂ ರಾತ್ರಿ ದೀಪ ತೆಗೆದ ಮೇಲೆ ಆ ದಿನ ಆಡಿದ್ದು ಮಾಡಿದ್ದನ್ನೆಲ್ಲ ಒಂದೂ ಮುಚ್ಚಿಡದೆ ತನ್ನ ಮುಂದೆ ತಾನೇ ವಿಚಾರಣೆಗೆ ಇಡುತ್ತಿದ್ದನಂತೆ. ಆತನ ಹೆಂಡತಿ ಈ ಪದ್ಧತಿಯನ್ನು ಬಲ್ಲವಳಾದ್ದರಿಂದ ಆ ಹೊತ್ತಿನಲ್ಲಿ ಮಾತಾಡುತ್ತಿರಲಿಲ್ಲವೆಂದು ಅವನೇ ಬರೆದಿದ್ದಾನೆ. ಎಂಥ ಸಾಧ್ವಿ! ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದನ್ನು ಹಿಡಿದು, ತಪ್ಪಿದ ದಿನ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದ. ವರ್ಷಕ್ಕೆ ಸರಿಯಾಗಿ ನಾಲ್ಕು ಆವೃತ್ತಿ. ಎಲ್ಲಕ್ಕಿಂತ ಅವನನ್ನು ಕಾಡಿದ್ದು ವಸ್ತುಗಳನ್ನು ಅದರದರ ಸ್ಥಳದಲ್ಲಿಡುವ ಅಚ್ಚುಕಟ್ಟು. ಅದು ಮಾತ್ರ ತನಗೆ ಒಲಿಯಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ನಮ್ಮ ಕಚೇರಿಯ ಮೇಜುಗಳನ್ನು ನೋಡಿದವರಿಗೆ ಅವನಲ್ಲಿ ಮಮತೆ ಹುಟ್ಟದೆ ಇರದು.

ಇವರೆಲ್ಲ ಮಹಾಪುರುಷರು, ನಮ್ಮಂಥವರಿಂದಾದೀತೆ ಎನ್ನುವವರಿಗೆ ಬೆಂಗಳೂರಿನ ವಿಪ್ರೊ ಕಂಪನಿಯಲ್ಲಿ ನಡೆದದ್ದನ್ನು ಹೇಳಬೇಕು. ಹಾರ್ವರ್ಡಿನ ಕೆಲವು ವಿದ್ವಾಂಸರೂ ಅವರ ಜೊತೆಗಾರರೂ ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಹೊಸದಾಗಿ ತರಬೇತಿಗೆ ಸೇರಿದ ಹುಡುಗ ಹುಡುಗಿಯರಲ್ಲಿ ಒಂದು ಗುಂಪಿಗೆ ದಿನದ ಕೊನೆಯ ಹದಿನೈದು ನಿಮಿಷ ಕೆಲಸ ನಿಲ್ಲಿಸಿ, ಅಂದು ಕಲಿತದ್ದೇನೆಂದು ಬರೆಯಹೇಳಿದರು. ಉಳಿದವರು ಆ ಹದಿನೈದು ನಿಮಿಷವೂ ಕೆಲಸ ಮಾಡಿದರು. ಹೀಗೆ ಹತ್ತು ದಿನ. ಕೊನೆಯ ಪರೀಕ್ಷೆಯಲ್ಲಿ ಬರೆದವರ ಗುಂಪು ಬರೆಯದವರಿಗಿಂತ ಸುಮಾರು ೨೩ ಪ್ರತಿಶತ ಮುಂದಿತ್ತು. ಒಂದು ಪ್ರಯೋಗವನ್ನು ವೇದವಾಕ್ಯವೆಂದು ತಿಳಿಯಬೇಕಾದ್ದಿಲ್ಲ. ಆದರೆ ಕಡಿಮೆ ಹೊತ್ತು ದುಡಿದವರು ಹೆಚ್ಚು ಕಲಿತರೆಂಬುದು, ರಾತ್ರಿ ಎಂಟರವರೆಗೆ ಕಚೇರಿಯಲ್ಲಿ ಕೂತಿರುವುದೇ ಪುರುಷಾರ್ಥವೆಂದು ನಂಬಿದ ನಮ್ಮ ಜನ ಒಮ್ಮೆ ಯೋಚಿಸತಕ್ಕ ವಿಷಯ.

ಇನ್ನು ನಮ್ಮ ಕಣ್ಣೆದುರಿನ ಒಂದು ಸಂಗತಿ. ಡೊಂಬಿವಲಿಯಲ್ಲಿ ನಮ್ಮ ಮಿತ್ರರೊಬ್ಬರಿದ್ದಾರೆ; ಧಾರವಾಡದ ಕಡೆಯವರು, ಐವತ್ತು ದಾಟಿದೆ, ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಕೆಲಸ. ಹನ್ನೊಂದು ವರ್ಷದಲ್ಲಿ ಮೂರು ಸಲ ಅವರಿಗೆ ಬಡ್ತಿಯ ಆಜ್ಞೆ ಬಂತು. ಮೂರು ಸಲವೂ ಬೇಡವೆಂದು ಬರೆದುಕೊಟ್ಟರು. ಒಮ್ಮೆ ಮಗನ ಹತ್ತನೆಯ ತರಗತಿ, ಒಮ್ಮೆ ತಾಯಿಯ ಕಾಯಿಲೆ, ಒಮ್ಮೆ ಫ್ಲಾಟಿನ ಸಾಲ. ಮೂರೂ ನಿಜವಾದ ಕಾರಣಗಳೇ. ಆದರೆ ಬಡ್ತಿ ಬೇಡವೆಂದರೆ ಒಂದು ವರ್ಷ ಮತ್ತೆ ಆ ಮಾತೆತ್ತುವುದಿಲ್ಲ. ಬಡ್ತಿಯಿಲ್ಲದೆ ಉಳಿದವರಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ಮೇಲಿನ ವೇತನ ಕೊಡುವ ಯೋಜನೆ ೨೦೦೮ರಿಂದ ಇದೆಯಷ್ಟೆ? ಬಂದ ಬಡ್ತಿಯನ್ನು ತಾನಾಗಿ ಒಲ್ಲೆನೆಂದವರಿಗೆ ಅದೂ ತಡೆಯುತ್ತದೆ. ಅವಕಾಶವಿಲ್ಲದೆ ನಿಂತವನಿಗೆ ಪರಿಹಾರವೇ ಹೊರತು ಅವಕಾಶ ಬಿಟ್ಟವನಿಗಲ್ಲ ಎಂಬುದು ಅದರ ನ್ಯಾಯ. ಈ ನಿಯಮ ನಮ್ಮ ಮಿತ್ರರಿಗೆ ಬಾಯಿಪಾಠ. ಕಚೇರಿಯಲ್ಲಿ ಎಲ್ಲರಿಗೂ ತಿಳಿಸಿ ಹೇಳುವವರು ಅವರೇ. ತಮ್ಮ ಇಪ್ಪತ್ತನೆಯ ವರ್ಷದ ಏರಿಕೆಯನ್ನು ಕಳೆದುಕೊಂಡವರೂ ಅವರೇ. ಮಗಳ ಕಾಲೇಜಿನ ಫೀಸಿನ ಸಮಯದಲ್ಲಿ ಆ ಹಣದ ನೆನಪು ಮನೆಯಲ್ಲಿ ಪ್ರತಿ ವರ್ಷ ಬರುತ್ತದೆ.

ಈ ಮಾತು ಒಂದು ಸಲ ಜಗಳಕ್ಕೆ ತಿರುಗಿದಾಗ ಅವರು ಫಡಕೆ ರಸ್ತೆಯಿಂದ ಒಂದು ಉದ್ದದ ಗೆರೆ ಪುಸ್ತಕ ತಂದರು. ಒಂದು ತಿಂಗಳು ದಿನಾ ರಾತ್ರಿ ಅದರಲ್ಲಿ ಎರಡೇ ಕಾಲಮು ತುಂಬಿದರು. ಎಡಕ್ಕೆ, ಇಂದು ಯಾರಿಗೆ ಏನು ಒಪ್ಪಿಕೊಂಡೆ. ಬಲಕ್ಕೆ, ಇಂದು ಯಾರ ಮೇಲೆ ರೇಗಿದೆ. ಕಾರಣ ಬರೆಯಕೂಡದೆಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರು. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಎಡಗಡೆ ಇಪ್ಪತ್ತಾರು ಬಾಬತ್ತು: ಸಹೋದ್ಯೋಗಿಯ ಕಡತ ತಾನು ನೋಡಿಕೊಂಡದ್ದು, ನೆಂಟರಿಗೆ ಕೈಗಡ ಕೊಟ್ಟದ್ದು, ಸೊಸೈಟಿಯ ಲೆಕ್ಕ ಬರೆಯಲು ಒಪ್ಪಿದ್ದು, ಸಂಘದ ನಾಟಕಕ್ಕೆ ಚಂದಾ ಎತ್ತುವುದು. ಇದರಲ್ಲಿ ಹತ್ತೊಂಬತ್ತಕ್ಕೆ ಬಾಯಿ ‘ಆಗಲಿ’ ಎಂದಾಗ ಮನಸ್ಸು ‘ಬೇಡ’ ಎಂದಿತ್ತು. ಬಲಗಡೆಯ ಕಾಲಮಿನಲ್ಲಿ ಹೆಸರು ಎರಡೇ: ಹೆಂಡತಿ, ಮಗಳು.

ಪುಸ್ತಕವನ್ನು ಅವರು ಮನೆಯವರ ಮುಂದಿಟ್ಟರು. ಆಕೆ ಅದನ್ನು ಪೂರ್ತಿ ಓದಲೂ ಇಲ್ಲ. “ನೀವು ಯಾರಿಗರೆ ಇಲ್ಲ ಅಂದದ್ದು ನಾ ಇಪ್ಪತ್ತೈದು ವರ್ಷದಾಗ ಕೇಳಿಲ್ಲರಿ. ನನಗ ಮಾತ್ರ ದಿನಾ ಅಂತೀರಿ” ಎಂದರಂತೆ. ಮೂವತ್ತು ರಾತ್ರಿಯ ಲೆಕ್ಕ ಮತ್ತು ಈ ಎರಡು ವಾಕ್ಯ ಒಂದೇ ಮೊತ್ತಕ್ಕೆ ತಾಳೆಯಾದವು.

ಬಡ್ತಿಯ ಗಂಟು ಬಿಚ್ಚಿದ್ದೂ ಇಲ್ಲಿಯೇ. ಮೇಲಿನ ಕುರ್ಚಿಯ ಕೆಲಸವೆಂದರೆ ಏನು? ಒಬ್ಬನ ರಜೆಯ ಅರ್ಜಿಗೆ ಇಲ್ಲವೆನ್ನುವುದು, ಇನ್ನೊಬ್ಬನ ಕಡತವನ್ನು ಸರಿಯಿಲ್ಲವೆಂದು ತಿರುಗಿ ಕಳಿಸುವುದು, ಮೂರನೆಯವನ ವರದಿಯಲ್ಲಿ ದರ್ಜೆ ಬರೆಯುವುದು. ನಿನ್ನೆಯವರೆಗೆ ಡಬ್ಬಿ ಹಂಚಿಕೊಂಡು ಉಂಡವರಿಗೆ ಇಂದು ಇಲ್ಲವೆನ್ನಬೇಕು. ಮಗನ ಪರೀಕ್ಷೆ, ತಾಯಿಯ ಕಾಯಿಲೆ ಇವೆಲ್ಲ ನಿಜವಾಗಿದ್ದವು. ಆದರೆ ಅವು ಬಾರದಿದ್ದರೂ ಬೇರೆ ಮೂರು ಬರುತ್ತಿದ್ದವು ಎಂದು ಅವರೇ ನಮಗೆ ಹೇಳಿದರು. ಬೇರೆ ಬೇರೆ ಕಾರಣಗಳ ಕೆಳಗೆ ಬದಲಾಗದೆ ಉಳಿದದ್ದು ಒಂದೇ: ಯಾರಿಗೂ ಬೇಡವಾಗಿಬಿಟ್ಟೇನೋ ಎಂಬ ಅಂಜಿಕೆ. ಕಚೇರಿಯಲ್ಲಿ ಅದಕ್ಕೆ ಒಳ್ಳೆಯತನವೆಂದು ಹೆಸರಾಗಿತ್ತು, ಮನೆಯಲ್ಲಿ ಸಿಡುಕೆಂದು. ಕಚೇರಿಯದನ್ನು ಬಿಟ್ಟು ಮನೆಯದನ್ನೋ ಮನೆಯದನ್ನು ಬಿಟ್ಟು ಕಚೇರಿಯದನ್ನೋ ಪರೀಕ್ಷಿಸಿದ್ದರೆ ಇದು ಸಿಕ್ಕುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ಇಷ್ಟಾದ ಮೇಲೆ ಅವರು ನಾಲ್ಕನೆಯ ಬಡ್ತಿಯನ್ನು ಒಪ್ಪಿಕೊಂಡು ಸಾಹೇಬರಾದರೆಂದು ಬರೆಯಲು ನಮಗೂ ಆಸೆಯಿತ್ತು. ಅವರು ಈ ಸಲವೂ ಬೇಡವೆಂದೇ ಬರೆದುಕೊಟ್ಟರು. ಆದರೆ ಕಾರಣದ ಜಾಗದಲ್ಲಿ, ‘ಈ ಹುದ್ದೆಯ ಕೆಲಸ ನನ್ನ ಸ್ವಭಾವಕ್ಕೆ ಒಗ್ಗುವಂಥದಲ್ಲ’ ಎಂದು ಒಂದೇ ಸಾಲು. ಅದನ್ನು ಯಾವ ನಿಯಮದ ಕೆಳಗೆ ಇಡಬೇಕೆಂದು ತಿಳಿಯದೆ ಕಡತ ಮೂರು ಮೇಜು ಸುತ್ತಿತಂತೆ. ಸೊಸೈಟಿಯ ಲೆಕ್ಕವನ್ನು ಮಾತ್ರ ಅದೇ ವಾರ ಬಿಟ್ಟುಕೊಟ್ಟರು. ಕಾರ್ಯದರ್ಶಿಗೆ ಅಸಮಾಧಾನ; ಲಿಫ್ಟಿನಲ್ಲಿ ಮಾತಾಡುವುದಿಲ್ಲ. ಮಗಳು ಮಾತಾಡುತ್ತಾಳೆ. ಕಳೆದುಹೋದ ಹಣ ಕಳೆದೇ ಹೋಯಿತು. ಅದನ್ನು ಯಾವ ಪುಸ್ತಕವೂ ಮರಳಿ ತಂದುಕೊಡಲಾರದು.

ಆ ಮನೆಯವರ ಮಾತನ್ನು ಕೇಳಿದಾಗ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚಾಯಿತು, ತಿರುಗಿ ಹಾಕಿ ಬಾ ಎಂದು ಆಕೆ ಕಳಿಸಿದಳೆಂದು ಕತೆ. ಕಾಯಕದಲ್ಲಿ ಮಾರಯ್ಯ ಸಾಮಾನ್ಯನಲ್ಲ. ಆದರೂ ತನ್ನ ಸೆರಗಿನ ತೂಕ ಅವನಿಗೆ ಕಾಣಲಿಲ್ಲ. ಮನೆಯ ಹೊಸ್ತಿಲಲ್ಲಿ ನಿಂತವಳಿಗೆ ಕಂಡಿತು. ನಮ್ಮ ಬೆನ್ನು ನಮಗೆ ಕಾಣದೆಂದು ತಿಳಿದಮೇಲೆ, ಕಾಣುವ ಒಬ್ಬರನ್ನಾದರೂ ಕೇಳುವುದು ಬುದ್ಧಿವಂತಿಕೆ. ಎಲ್ಲರನ್ನೂ ಕೇಳತಕ್ಕದ್ದಲ್ಲ. ಊರೆಲ್ಲ ವರದಿ ಬರೆಯತೊಡಗಿದರೆ ಮನುಷ್ಯ ಬದುಕುವುದು ಹೇಗೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಈಚೆಗೆ ಕಚೇರಿ, ಕಂಪನಿಗಳಲ್ಲಿ ತರಬೇತಿಯ ಹೆಸರಿನಲ್ಲಿ ಭಾಷಣಕಾರರನ್ನು ಕರೆಸುವ ರೂಢಿಯಾಗಿದೆ. ಬದಲಾವಣೆ ನಿಮ್ಮೊಳಗಿನಿಂದ ಬರಲಿ, ನಿಮ್ಮನ್ನು ನೀವು ತಿದ್ದಿಕೊಳ್ಳಿ ಎಂದು ಅವರು ಒಂದು ತಾಸು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಮೂರು ಜನರ ಕೆಲಸವನ್ನು ಒಬ್ಬನ ಮೇಲೆ ಹೊರಿಸಿ, ಅವನು ಬಳಲಿದರೆ ಆತ್ಮಪರಿಶೀಲನೆ ಮಾಡಿಕೋ ಎನ್ನುವುದು ನಮಗೆ ಒಪ್ಪಿಗೆಯಿಲ್ಲ. ಖಾಲಿ ಹುದ್ದೆಯನ್ನು ಧ್ಯಾನದಿಂದ ತುಂಬಲಾಗದು. ಐರೋಳಿಯ ಕಡೆ ರಾತ್ರಿ ಪಾಳಿಯಲ್ಲಿ ದುಡಿಯುವ ನಮ್ಮ ಹುಡುಗರಿಗೆ ನಿದ್ದೆ ಬಾರದಿರುವುದು ಅವರ ಸ್ವಭಾವದ ದೋಷವಲ್ಲ. ಆದ್ದರಿಂದ ಪುಸ್ತಕದಲ್ಲಿ ನನ್ನ ಕೈಯಲ್ಲಿದ್ದದ್ದು ಒಂದು ಕಡೆ, ಇಲ್ಲದ್ದು ಒಂದು ಕಡೆ ಎಂದು ಬೇರೆಯಾಗಿಯೇ ಬರೆಯಬೇಕು. ಎರಡನೆಯ ಪಟ್ಟಿಯನ್ನು ತೆಗೆದುಕೊಂಡು ಯೂನಿಯನ್ನಿಗೆ ಹೋಗಬೇಕಾದೀತು, ಹೋಗಲಿ.

ವೇಳೆಯೆಲ್ಲಿದೆ ಎನ್ನುವವರ ಪ್ರಶ್ನೆ ಉಳಿಯಿತು. ಗಂಡಸರು ಇದನ್ನು ಕೇಳಿದರೆ ನಾವು ಉತ್ತರ ಕೊಡುವುದಿಲ್ಲ. ಠಾಣೆಯಿಂದ ವಾಶಿಗೆ ಹೋಗುವ ಗಾಡಿಯಲ್ಲಿ ಪಕ್ಕದವನ ಮೊಬೈಲಿನ ಸಿನಿಮಾವನ್ನು ಕತ್ತು ಚಾಚಿ ನೋಡುವಷ್ಟು ವೇಳೆ ಎಲ್ಲರಿಗೂ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ತಾವೂ ಕಚೇರಿಗೆ ಓಡುವ ಹೆಂಗಸರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸೆನೆಕನ ಮಡದಿಯ ಹಾಗೆ ಮೌನವಾಗಿರುವ ಗಂಡಸರು ಅವರಿಗೆಲ್ಲಿ ಸಿಗಬೇಕು? ಇದಕ್ಕೆ ನವಿ ಮುಂಬಯಿಯ ಒಬ್ಬ ತಾಯಿ ಕಂಡುಕೊಂಡ ಉಪಾಯ ಫ್ರಾಂಕ್ಲಿನ್ನನದಕ್ಕಿಂತ ಅಗ್ಗವಾದದ್ದು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ, ತಾನು ದನಿಯೇರಿಸಿದ ದಿನದ ಮೂಲೆಯಲ್ಲಿ ಆಕೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಾರೆ. ಅರ್ಧ ನಿಮಿಷದ ಕೆಲಸ. ಅತ್ತೆಯವರ ಮಾತಿನಿಂದ ತನಗೆ ಸಿಟ್ಟು ಬರುತ್ತದೆಂದೇ ಆಕೆ ವರ್ಷಗಟ್ಟಲೆ ನಂಬಿದ್ದರು. ಮೂರು ತಿಂಗಳ ಹಾಳೆ ತಿರುವಿದಾಗ ಚುಕ್ಕೆಗಳೆಲ್ಲ ಭಾನುವಾರಗಳ ಮೇಲೆ ಕುಳಿತಿದ್ದವು. ಅತ್ತೆ ವಾರದ ಏಳು ದಿನವೂ ಮನೆಯಲ್ಲಿರುತ್ತಾರೆ. ಭಾನುವಾರ ಮಾತ್ರ ಇರುವವರು ಯಜಮಾನರು. ರೈಲ್ವೆಯ ಮೆಗಾ ಬ್ಲಾಕ್ ಬೇರೆ, ಹೊರಗೆ ಹೋಗುವ ಮಾತಿಲ್ಲ, ಬೆಳಗಿನಿಂದ ನಾಲ್ಕು ಸಲ ಚಹಾ.

ಈಗ ಭಾನುವಾರದ ಎರಡನೆಯ ಚಹಾದಿಂದ ಮುಂದೆ ಯಜಮಾನರೇ ಮಾಡಿಕೊಳ್ಳಬೇಕೆಂದು ಆ ಮನೆಯಲ್ಲಿ ಠರಾವಾಗಿದೆ. ಅತ್ತೆಯವರ ಅನುಮೋದನೆಯೂ ಉಂಟು. ಚುಕ್ಕೆಗಳು ಗ್ಯಾಸ್ ಸಿಲಿಂಡರಿನ ಲೆಕ್ಕವೆಂದು ಯಜಮಾನರು ಇನ್ನೂ ತಿಳಿದಿದ್ದಾರೆ. ಅವರು ಈ ಪತ್ರಿಕೆಯ ಚಂದಾದಾರರಾದ್ದರಿಂದ ಮನೆ ಯಾವ ಸೆಕ್ಟರಿನಲ್ಲಿದೆಯೆಂದು ನಾವು ಹೇಳುವುದಿಲ್ಲ.